ಒಂದೇ ತರಹ ಮುರಿದ ಕಾಲು, ಇಬ್ಬರಿಗೆ ಎರಡು ಬದುಕು. ಇದು ಬರೀ ದುಡ್ಡಿನ ವಿಷಯಾನಾ?

ನೆಲಮುಗಿಲು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಕಳೆದ ವರ್ಷ ಒಂದೇ ತಿಂಗಳಲ್ಲಿ ನನಗೆ ಹತ್ತಿರದ ಇಬ್ಬರು ಕಾಲು ಮುರಿದುಕೊಂಡರು. ಒಬ್ಬರು ನಮ್ಮ ಆಫೀಸಿನ ಮ್ಯಾನೇಜರ್. ಇನ್ನೊಬ್ಬ ನನ್ನ ಸ್ವಂತ ಅಣ್ಣ. ಅವನದು ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ, ದಿನಗೂಲಿ. ಇಬ್ಬರದೂ ಮೊಣಕಾಲಿನ ಕೆಳಗಿನ ಮೂಳೆ. ಒಂದೇ ಆಸ್ಪತ್ರೆ. ಒಳಗೆ ರಾಡ್ ಹಾಕಿದ ಡಾಕ್ಟರೂ ಒಬ್ಬರೇ. ಅಣ್ಣನ ಆಪರೇಷನ್ ಖರ್ಚನ್ನು ಮನೆಯವರೆಲ್ಲ ಸೇರಿ ಹೊಂದಿಸಿದೆವು. ಅದರಲ್ಲಿ ಏನೂ ಕಡಿಮೆ ಮಾಡಲಿಲ್ಲ.

ಇವತ್ತು ಮ್ಯಾನೇಜರ್ ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಅಣ್ಣ ಕುಂಟುತ್ತಾನೆ. ನೋವಿಗೆ ಮಾತ್ರೆ ನುಂಗಿದರೆ ಮಾತ್ರ ರಾತ್ರಿ ನಿದ್ದೆ.

ವ್ಯತ್ಯಾಸ ಎಲ್ಲಿ ಹುಟ್ಟಿತು ಅಂತ ಕೂತು ಯೋಚಿಸಿದೆ. ಮ್ಯಾನೇಜರ್‌ಗೆ ಮೂರು ತಿಂಗಳು ಸಂಬಳದ ರಜೆ ಸಿಕ್ಕಿತು. ಆಮೇಲೆ ಒಂದಷ್ಟು ದಿನ ಮನೆಯಿಂದಲೇ ಕೆಲಸ. ಫಿಸಿಯೋಥೆರಪಿಯವರು ಮನೆಗೇ ಬರುತ್ತಿದ್ದರು. ಅಣ್ಣ ಒಂದು ಸಲ ಫಿಸಿಯೋಥೆರಪಿಗೆ ಹೋಗಬೇಕಂದ್ರೆ ಎರಡು ಬಸ್ಸು ಹತ್ತಬೇಕು, ಅಲ್ಲಿ ಕಾಯಬೇಕು, ವಾಪಸ್ ಬರಬೇಕು. ಅರ್ಧ ದಿನ ಹೋಯಿತು. ಜೊತೆಗೆ ಬರುವ ಅತ್ತಿಗೆಯ ಕೂಲಿಯೂ ಹೋಯಿತು. ನಾಲ್ಕು ಸಲ ಹೋದ, ಬಿಟ್ಟ. ಏಳನೇ ವಾರಕ್ಕೆ ಮತ್ತೆ ಮೂಟೆ ಹೊತ್ತ. "ಈಗ ಹೋಗದಿದ್ರೆ ನನ್ನ ಜಾಗಕ್ಕೆ ಬೇರೆಯವನು ಬರ್ತಾನೆ" ಅಂದ.

ನಮ್ಮ ಮನೆಯಲ್ಲೇ ಕೆಲವರು "ಅವನದು ಅಸಡ್ಡೆ, ಡಾಕ್ಟರ್ ಮಾತು ಕೇಳಲಿಲ್ಲ" ಅಂತಾರೆ. ಅದನ್ನು ಕೇಳಿದಾಗ ಕರುಳು ಹಿಂಡಿದ ಹಾಗಾಗುತ್ತದೆ.

ವರ್ಗ ಅಂತೀವಲ್ಲ, ಅದು ಮನುಷ್ಯನ ಬದುಕನ್ನು ಯಾವ ದಾರಿಯಲ್ಲಿ ಬಂದು ಮುಟ್ಟುತ್ತದೆ? ಬರೀ ಕೈಯಲ್ಲಿರುವ ದುಡ್ಡಾ, ಇನ್ನೂ ಏನಾದರೂ ಇದೆಯಾ? ನಿಮ್ಮ ಅನುಭವ ಹೇಳಿ.

ಖಡಕ್ ಮಾತು

ದುಡ್ಡೇ. ಬೇರೇನೂ ಇಲ್ಲ. ಆ ಮೂರು ತಿಂಗಳ ಕೂಲಿ ಯಾರಾದರೂ ಕೊಟ್ಟಿದ್ದರೆ ನಿಮ್ಮ ಅಣ್ಣನೂ ಮನೆಯಲ್ಲಿ ಕಾಲು ಚಾಚಿ ಮಲಗಿರುತ್ತಿದ್ದರು.

ಅಂಕಿಪುಟ

ಖಡಕ್ ಅವರೇ, ನಾನೂ ಹಾಗೇ ಅಂದುಕೊಂಡಿದ್ದೆ. ಸಾರ್ವಜನಿಕ ಆರೋಗ್ಯ ಓದುವಾಗ ಒಂದು ಅಧ್ಯಯನ ನನ್ನ ತಲೆ ತಿರುಗಿಸಿತು. 1967ರಲ್ಲಿ ಲಂಡನ್ನಿನಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ. ಸುಮಾರು 18,000 ಸರ್ಕಾರಿ ನೌಕರರು, ಎಲ್ಲರೂ 40ರಿಂದ 64 ವರ್ಷದ ಗಂಡಸರು. ಅವರಲ್ಲಿ ಕಡುಬಡವರು ಯಾರೂ ಇಲ್ಲ. ಎಲ್ಲರಿಗೂ ಕಾಯಂ ಕೆಲಸ, ಎಲ್ಲರಿಗೂ ಸರ್ಕಾರದ ಉಚಿತ ಚಿಕಿತ್ಸೆ. ಆದರೂ ಮುಂದಿನ ವರ್ಷಗಳಲ್ಲಿ ಎಲ್ಲಕ್ಕಿಂತ ಕೆಳಗಿನ ದರ್ಜೆಯವರು, ಅಂದರೆ ಜವಾನರು, ಬಾಗಿಲು ಕಾಯುವವರು, ಮೇಲಿನ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಸತ್ತರು.

ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು. ಅದು ಬಡವರು ಒಂದು ಕಡೆ, ಉಳಿದವರು ಒಂದು ಕಡೆ ಅನ್ನುವ ಲೆಕ್ಕ ಅಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇತ್ತು. ಮೇಲಿನಿಂದ ಎರಡನೇ ದರ್ಜೆಯವರೂ ಮೊದಲನೇ ದರ್ಜೆಯವರಿಗಿಂತ ಬೇಗ ಸತ್ತರು. ಚೆನ್ನಾಗಿ ಸಂಬಳ ಬರುವ, ಒಳ್ಳೆ ಮನೆಯಲ್ಲಿರುವ ಜನ. ಅವರಿಗೆ ಏನು ಕಮ್ಮಿಯಾಗಿತ್ತು ಹೇಳಿ?

ಹಳೇ ಸೈಕಲ್

ಬೀಡಿ, ಸಿಗರೇಟು, ಕುಡಿತ. ಉತ್ತರ ಅಷ್ಟೇ. ಕೆಳಗಿನವರು ಜಾಸ್ತಿ ಸೇದುತ್ತಾರೆ, ಬೇಗ ಹೋಗುತ್ತಾರೆ. ನಾನೂ ಕೂಲಿಯವರ ಮನೆಯಲ್ಲೇ ಹುಟ್ಟಿದವನು, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ನಮ್ಮಪ್ಪ ಕುಡಿದೇ ಸತ್ತರು. ಅವರನ್ನು ಸಮಾಜ ಕೊಲ್ಲಲಿಲ್ಲ.

ಅಂಕಿಪುಟ

ನಿಮ್ಮ ತಂದೆಯವರ ವಿಷಯ ಓದಿ ಬೇಸರವಾಯಿತು. ಸಿಗರೇಟಿನ ಪ್ರಶ್ನೆಯನ್ನು ಆ ಅಧ್ಯಯನದವರೂ ಕೇಳಿಕೊಂಡರು. ಸಿಗರೇಟು, ರಕ್ತದೊತ್ತಡ, ಕೊಲೆಸ್ಟರಾಲ್, ಎತ್ತರ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಹೃದಯದ ಕಾಯಿಲೆಯ ಸಾವಿನಲ್ಲಿ ಇದ್ದ ಅಂತರದ ದೊಡ್ಡ ಪಾಲಿಗೆ ಕಾರಣ ಸಿಗಲಿಲ್ಲ. ಸಿಗರೇಟನ್ನೇ ಮುಟ್ಟದವರಲ್ಲೂ ಅದೇ ಮೆಟ್ಟಿಲು.

ಕುಡಿತದ್ದು ಇನ್ನೂ ವಿಚಿತ್ರ. ಬಡವರು ಉಳ್ಳವರಷ್ಟೇ ಅಥವಾ ಅವರಿಗಿಂತ ಕಡಿಮೆ ಕುಡಿದರೂ ಕುಡಿತದಿಂದ ಆಗುವ ಹಾನಿ ಬಡವರಿಗೇ ಜಾಸ್ತಿ. ಇದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅದೇ ಲೋಟ, ಬೇರೆ ದೇಹ. ಒಬ್ಬನ ಹೊಟ್ಟೆಯಲ್ಲಿ ಸರಿಯಾದ ಊಟ ಇದೆ, ತಪ್ಪಿದರೆ ಹಿಡಿದು ನಿಲ್ಲಿಸುವವರಿದ್ದಾರೆ. ಇನ್ನೊಬ್ಬನಿಗೆ ಎರಡೂ ಇಲ್ಲ.

ಹಳೇ ಸೈಕಲ್

ಇದು ನನಗೆ ಗೊತ್ತಿರಲಿಲ್ಲ. ಯೋಚನೆ ಮಾಡುತ್ತೇನೆ. ಆದರೆ ಮನುಷ್ಯನ ಕೈಯಲ್ಲಿ ಏನೂ ಇಲ್ಲ ಅನ್ನುವುದನ್ನು ಮಾತ್ರ ಒಪ್ಪಲ್ಲ.

ಸಂಜೆಮಲ್ಲಿಗೆ

ಕೈಯಲ್ಲಿ ಏನಿದೆ ಅನ್ನುವ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಒಂದು ದೊಡ್ಡ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಯಾವ ಪಾಳಿ ಅನ್ನುವುದು ಹಿಂದಿನ ರಾತ್ರಿ ಫೋನಿಗೆ ಬರುತ್ತದೆ. ಕೆಲವು ಸಲ ಹತ್ತು ಗಂಟೆ ಮೇಲೆ. ಹಾಗಾಗಿ ನಾಳೆ ನಾನು ಎಲ್ಲಿರುತ್ತೇನೆ ಅಂತ ಇವತ್ತು ಯಾರಿಗೂ ಹೇಳಲಾರೆ. ಮಗಳ ಶಾಲೆಯಲ್ಲಿ "ಗುರುವಾರ ಬನ್ನಿ" ಅಂತಾರೆ. ಬರುತ್ತೇನೆ ಅಂತ ಮಾತು ಕೊಡೋಕೆ ಆಗಲ್ಲ. ಎರಡು ಸಲ ಹೋಗಲು ಆಗಲಿಲ್ಲ. ಮೂರನೇ ಸಲ ಹೋದಾಗ ಟೀಚರ್ ಮುಖ ನೋಡಿದರೇ ಗೊತ್ತಾಯಿತು, ಅವರ ಲೆಕ್ಕದಲ್ಲಿ ನಾನು ಮಗಳ ಬಗ್ಗೆ ಕಾಳಜಿ ಇಲ್ಲದ ತಾಯಿ.

ನನ್ನ ಸಂಬಳ ತೀರಾ ಕಡಿಮೆಯೇನಲ್ಲ. ಆದರೆ ನನ್ನ ದಿನ ನನ್ನದಲ್ಲ. ಬೇರೆ ಯಾರೋ ರಾತ್ರಿ ಅದನ್ನು ಹಂಚುತ್ತಾರೆ. ನೆಲಮುಗಿಲು ಅವರೇ, ನಿಮ್ಮ ಅಣ್ಣನಿಗೂ ಆಗಿದ್ದು ಇದೇ ಅನ್ನಿಸುತ್ತದೆ. ಮ್ಯಾನೇಜರ್ ತಮ್ಮ ಸಮಯವನ್ನು ಕಾಲಿಗೆ ಕೊಟ್ಟರು. ನಿಮ್ಮ ಅಣ್ಣನ ಹತ್ತಿರ ಕೊಡೋಕೆ ಸಮಯವೇ ಇರಲಿಲ್ಲ.

ನೆಲಮುಗಿಲು

ಮೇಡಂ, ಈ ಮಾತನ್ನು ನಮ್ಮ ಮನೆಯವರಿಗೆ ಓದಿ ಹೇಳುತ್ತೇನೆ.

ದಡ

ಒಂದು ಆಕ್ಷೇಪ. ಮೇಲಿನ ಹುದ್ದೆಯಲ್ಲಿರುವವರಿಗೆ ಒತ್ತಡ ಇಲ್ಲ ಅನ್ನುವ ಹಾಗೆ ಎಲ್ಲರೂ ಮಾತಾಡುತ್ತಿದ್ದೀರಿ. ನಾನು ನಲವತ್ತು ಜನರ ತಂಡ ನೋಡಿಕೊಳ್ಳುತ್ತೇನೆ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರಲ್ಲ. ಬಿಪಿ ಮಾತ್ರೆ ತಗೊಳ್ಳುತ್ತೇನೆ. ನನ್ನದೂ ಬದುಕೇ ಅಲ್ವಾ?

ಅಂಕಿಪುಟ

ಖಂಡಿತ ಬದುಕೇ ಸರ್, ನಿಮ್ಮ ಕಷ್ಟ ಸುಳ್ಳಲ್ಲ. ಕೆಲಸದ ಒತ್ತಡವನ್ನು ಅಳೆಯುವವರು ಎರಡು ವಿಷಯ ನೋಡುತ್ತಾರೆ: ಎಷ್ಟು ಭಾರ ಇದೆ, ಆ ಭಾರವನ್ನು ಹೇಗೆ ಹೊರಬೇಕು ಅಂತ ನಿರ್ಧರಿಸುವ ಹಕ್ಕು ಎಷ್ಟಿದೆ. 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು ಮುಂದಿಟ್ಟ ವಿಚಾರ ಇದು. ಭಾರ ಜಾಸ್ತಿ, ಹಕ್ಕು ಕಡಿಮೆ ಇರುವ ಕೆಲಸ ಮನುಷ್ಯನನ್ನು ಜಾಸ್ತಿ ಹಿಂಡುತ್ತದೆ.

1985ರಲ್ಲಿ ಎರಡನೇ ವೈಟ್‌ಹಾಲ್ ಅಧ್ಯಯನ ಶುರುವಾಯಿತು. ಈ ಸಲ ಹೆಂಗಸರೂ ಇದ್ದರು, ಒಟ್ಟು 10,308 ಜನ. ಕೆಲಸದ ಮೇಲೆ ಹಿಡಿತ ಕಡಿಮೆ ಇದ್ದವರಿಗೆ ಹೃದಯದ ಕಾಯಿಲೆಯ ಅಪಾಯ ಹೆಚ್ಚು ಅಂತ ಕಂಡುಬಂತು. ನಿಮಗೆ ಎರಡು ಗಂಟೆಗೆ ಎಚ್ಚರವಾಗುತ್ತದೆ. ಆದರೆ ನಾಳೆಯ ಮೀಟಿಂಗ್ ಮುಂದೂಡುವ ಹಕ್ಕು ನಿಮಗಿದೆ. ಸಂಜೆಮಲ್ಲಿಗೆ ಅವರಿಗೆ ಆ ಹಕ್ಕಿಲ್ಲ.

ದಡ

ಸರಿ. ಹಾಗೆ ನೋಡಿರಲಿಲ್ಲ. ನಮ್ಮಲ್ಲಿ ಪಾಳಿ ಪಟ್ಟಿ ಎಷ್ಟು ದಿನ ಮುಂಚೆ ಹೊರಗೆ ಬರುತ್ತದೆ ಅಂತ ನಾಳೆ ವಿಚಾರಿಸುತ್ತೇನೆ.

ಬೆಳ್ಳಿಚುಕ್ಕಿ

ವರ್ಗಕ್ಕೂ ಆಯುಷ್ಯಕ್ಕೂ ಸಂಬಂಧ ಬೇಕಾದರೆ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರ ನೋಡಿ. ಅಲ್ಲಿನ ಬಡವರು ಶ್ರೀಮಂತರಿಗಿಂತ 28 ವರ್ಷ ಕಡಿಮೆ ಬದುಕುತ್ತಾರೆ.

ಅಂಕಿಪುಟ

ಸಣ್ಣ ತಿದ್ದುಪಡಿ. ಅದು ಇಡೀ ನಗರದ ಬಡವರ ಲೆಕ್ಕ ಅಲ್ಲ. ಎರಡು ಸಣ್ಣ ಪ್ರದೇಶಗಳ ಗಂಡಸರ ಹೋಲಿಕೆ. ಕಾಲ್ಟನ್‌ನಲ್ಲಿ 54 ವರ್ಷ, ಹತ್ತಿರದ ಲೆಂಜಿಯಲ್ಲಿ 82. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2008ರ ವರದಿಯಲ್ಲಿ ಇದನ್ನು ಹೇಳಿತ್ತು. ತುಂಬಾ ಹಳೆಯದು, ತುಂಬಾ ಸಣ್ಣ ಜಾಗ. ದೊಡ್ಡ ಲೆಕ್ಕ ಬೇಕಂದ್ರೆ 2016ರಲ್ಲಿ ಪ್ರಕಟವಾದ, ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ ಅಧ್ಯಯನ ನೋಡಿ. ಅಮೆರಿಕದ ತೆರಿಗೆ ದಾಖಲೆಗಳ ಮೇಲೆ ಮಾಡಿದ್ದು. ಆದಾಯದಲ್ಲಿ ಎಲ್ಲಕ್ಕಿಂತ ಮೇಲಿನ ನೂರರಲ್ಲೊಂದು ಪಾಲು ಮತ್ತು ಎಲ್ಲಕ್ಕಿಂತ ಕೆಳಗಿನ ನೂರರಲ್ಲೊಂದು ಪಾಲಿನ ನಡುವೆ ಆಯುಷ್ಯದ ಅಂತರ ಗಂಡಸರಲ್ಲಿ 14.6 ವರ್ಷ, ಹೆಂಗಸರಲ್ಲಿ 10.1 ವರ್ಷ.

ಅದರಲ್ಲೇ ಇನ್ನೊಂದು ವಿಷಯ ಇದೆ. ಶ್ರೀಮಂತರ ಆಯುಷ್ಯ ಯಾವ ಊರಿಗೆ ಹೋದರೂ ಹೆಚ್ಚುಕಡಿಮೆ ಒಂದೇ. ಬಡವರದು ಮಾತ್ರ ಊರಿಂದ ಊರಿಗೆ ತುಂಬಾ ಬದಲಾಗುತ್ತದೆ. ನ್ಯೂಯಾರ್ಕ್‌ನಲ್ಲಿ ಬಡವರು ಡೆಟ್ರಾಯಿಟ್‌ನ ಬಡವರಿಗಿಂತ ಜಾಸ್ತಿ ಬದುಕುತ್ತಾರೆ. ಅಂದರೆ ಇದು ಹಣೆಬರಹ ಅಲ್ಲ.

ಬೆಳ್ಳಿಚುಕ್ಕಿ

ತಿದ್ದಿದ್ದಕ್ಕೆ ಧನ್ಯವಾದ. ಎಲ್ಲೋ ಓದಿದ್ದನ್ನು ಹಾಗೇ ಬರೆದುಬಿಟ್ಟೆ.

ಕಪ್ಪುಹಲಗೆ

ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮಕ್ಕಳ ಬಗ್ಗೆ ನಾಲ್ಕು ಮಾತು ಹೇಳಲೇಬೇಕು.

ಒಂದು ಲೆಕ್ಕ ಅರ್ಥವಾಗದಿದ್ದರೆ ಓದಿದ ಮನೆಯ ಮಗು ಎದ್ದು ಬಂದು ನನ್ನ ಮೇಜಿನ ಪಕ್ಕ ನಿಲ್ಲುತ್ತದೆ. "ಮಿಸ್, ಇನ್ನೊಂದು ಸಲ ಹೇಳಿ." ದೊಡ್ಡವರನ್ನು ಕೇಳುವುದು ತನ್ನ ಹಕ್ಕು ಅಂತ ಅದಕ್ಕೆ ಮನೆಯಲ್ಲೇ ರೂಢಿಯಾಗಿರುತ್ತದೆ. ಕೂಲಿಯವರ ಮನೆಯ ಮಗು ಸುಮ್ನೆ ಕೂತಿರುತ್ತದೆ. "ಟೀಚರ್‌ಗೆ ತೊಂದರೆ ಕೊಡಬೇಡ" ಅಂತ ಹೇಳಿ ಕಳಿಸಿರುತ್ತಾರೆ. ಅದು ಒಳ್ಳೆಯ ಬುದ್ಧಿಯೇ. ಆದರೆ ವರ್ಷದ ಕೊನೆಗೆ ಮೊದಲನೇ ಮಗುವಿಗೆ ನನ್ನ ಸಮಯ ಹತ್ತು ಪಟ್ಟು ಸಿಕ್ಕಿರುತ್ತದೆ. ಇದು ನನಗೆ ಅರ್ಥವಾಗೋಕೆ ಎಂಟು ವರ್ಷ ಬೇಕಾಯಿತು. ಆ ಎಂಟು ವರ್ಷದ ಮಕ್ಕಳನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಈಗ ನಾನೇ ಬೆಂಚಿನ ಹತ್ತಿರ ಹೋಗುತ್ತೇನೆ.

ಹಳೇ ಸೈಕಲ್

ಮಿಸ್, ಇಲ್ಲಿ ಒಂದು ಪ್ರಶ್ನೆ. ಮಕ್ಕಳ ಮುಂದೆ ಒಂದು ಸಿಹಿ ಇಟ್ಟು "ಈಗ ತಿಂದರೆ ಒಂದು, ಕಾದರೆ ಎರಡು" ಅನ್ನುವ ಪ್ರಯೋಗ ಇದೆಯಲ್ಲ. ಕಾದ ಮಕ್ಕಳು ಮುಂದೆ ಚೆನ್ನಾಗಿ ಓದಿದರು ಅಂತಾರೆ. ಹಾಗಾದರೆ ತಾಳ್ಮೆ ಮುಖ್ಯ ಆಯಿತಲ್ಲ?

ಕಪ್ಪುಹಲಗೆ

ನಮಗೂ ತರಬೇತಿಯಲ್ಲಿ ಅದನ್ನೇ ಹೇಳಿಕೊಟ್ಟಿದ್ದರು. 900ಕ್ಕೂ ಹೆಚ್ಚು ಮಕ್ಕಳ ಮೇಲೆ ಅದನ್ನು ಮತ್ತೆ ಪರೀಕ್ಷೆ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಈ ಸಲ ಎಲ್ಲ ತರಹದ ಮನೆಗಳ ಮಕ್ಕಳಿದ್ದರು. ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ತಾಳ್ಮೆಯ ಪ್ರಭಾವ ತುಂಬಾ ಕುಗ್ಗಿತು.

ನೀವೇ ಯೋಚಿಸಿ. ಕೊಟ್ಟ ಮಾತು ನಡೆಯುವ ಮನೆಯಲ್ಲಿ ಬೆಳೆದ ಮಗು ಕಾಯುತ್ತದೆ. "ಮುಂದಿನ ತಿಂಗಳು ಕೊಡಿಸ್ತೀನಿ" ಅಂದ ಅಪ್ಪನಿಗೆ ಆ ತಿಂಗಳು ಕೆಲಸವೇ ಸಿಗದ ಮನೆಯಲ್ಲಿ, ಕೈಗೆ ಸಿಕ್ಕಿದ್ದನ್ನು ಈಗಲೇ ತಿನ್ನುವುದು ಬುದ್ಧಿವಂತಿಕೆ.

ಹಳೇ ಸೈಕಲ್

ನಮ್ಮಪ್ಪ ಪ್ರತಿ ಸಲ ಸೈಕಲ್ ಕೊಡಿಸ್ತೀನಿ ಅನ್ನುತ್ತಿದ್ದರು. ಕೊನೆಗೂ ಕೊಡಿಸಿದ್ದು ಹಳೇದು. ಈ ಹೆಸರು ಅದರದ್ದೇ. ಇವತ್ತು ಇದಕ್ಕಿಂತ ಜಾಸ್ತಿ ಬರೆಯೋಕೆ ಆಗುತ್ತಿಲ್ಲ.

ಗುಬ್ಬಿಗೂಡು

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಈಗ ಒಳ್ಳೆ ಕೆಲಸ, ಒಳ್ಳೆ ಸಂಬಳ. ಹೊರಗಿನಿಂದ ನೋಡಿದರೆ "ವರ್ಗ ದಾಟಿದಳು". ಒಳಗೆ ಹಾಗಿಲ್ಲ.

ಮೊದಲ ವರ್ಷ ಆಫೀಸಿನಲ್ಲಿ ಏನಾಯಿತು ಗೊತ್ತಾ? ಬಡ್ತಿ ಬೇಕಾದರೆ ಬಾಯಿಬಿಟ್ಟು ಕೇಳಬೇಕು ಅಂತ ನನಗೆ ಗೊತ್ತಿರಲಿಲ್ಲ. ಚೆನ್ನಾಗಿ ಕೆಲಸ ಮಾಡಿದರೆ ಅವರೇ ಕೊಡುತ್ತಾರೆ ಅಂದುಕೊಂಡಿದ್ದೆ. ಜೊತೆಯವರಿಗೆ ಇದನ್ನು ಅಪ್ಪ ಅಮ್ಮ ಊಟದ ಹೊತ್ತಲ್ಲಿ ಹೇಳಿಕೊಟ್ಟಿದ್ದರು. ನಮ್ಮಮ್ಮ ಹೇಳಿಕೊಟ್ಟಿದ್ದು "ಎದುರು ಮಾತಾಡಬೇಡ, ಕೆಲಸ ಹೋಗುತ್ತೆ" ಅಂತ. ಅವರ ಕೆಲಸದಲ್ಲಿ ಅದೇ ನಿಜ.

ಫ್ರಾನ್ಸ್‌ನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ಡಿಯೊ ಇದಕ್ಕೆ ಸಾಂಸ್ಕೃತಿಕ ಬಂಡವಾಳ ಅಂತ ಹೆಸರು ಕೊಟ್ಟರು. ಮಾತಾಡುವ ರೀತಿ, ಯಾವಾಗ ನಗಬೇಕು, ಯಾರ ಹತ್ತಿರ ಏನು ಕೇಳಬೇಕು ಅನ್ನುವ ತಿಳಿವಳಿಕೆ. ಬ್ಯಾಂಕಿನಲ್ಲಿ ಇಡೋಕೆ ಆಗಲ್ಲ, ಆದರೆ ಆಸ್ತಿಯ ಹಾಗೇ ಮಕ್ಕಳಿಗೆ ಹೋಗುತ್ತದೆ. ಖಡಕ್ ಅವರೇ, ದುಡ್ಡೊಂದೇ ಅಲ್ಲ ಅನ್ನುವುದಕ್ಕೆ ನನ್ನ ಸಾಕ್ಷಿ ಇದು.

ಮತ್ತೊಂದು. ನನ್ನ ಸಂಬಳ ನನ್ನೊಬ್ಬಳದಲ್ಲ. ತಮ್ಮನ ಫೀಸು, ಅಪ್ಪನ ಔಷಧಿ, ಚಿಕ್ಕಮ್ಮನ ಸಾಲ. ಅಷ್ಟೇ ಸಂಬಳದ ಗೆಳತಿ ಈ ವರ್ಷ ಮನೆ ಕೊಂಡಳು, ಮುಂಗಡಕ್ಕೆ ಅವಳ ಮನೆಯವರು ಸಹಾಯ ಮಾಡಿದರು. ನಾನು ಕೊಡುವುದನ್ನು ಬೇಸರದಿಂದ ಕೊಡುತ್ತಿಲ್ಲ. ನನ್ನನ್ನು ಹೊತ್ತು ಇಲ್ಲಿಗೆ ತಂದವರು ಅವರೇ. ಆದರೆ ಸಂಬಳದ ಚೀಟಿ ನೋಡಿ ಇಬ್ಬರೂ ಒಂದೇ ಅನ್ನಬೇಡಿ.

ಖಡಕ್ ಮಾತು

ಗುಬ್ಬಿಗೂಡು ಅವರೇ, ನೀವು ಹತ್ತಿದಿರಿ ಅಂದರೆ ಎಲ್ಲರೂ ಹತ್ತಬಹುದು ಅಂತ ಆಯಿತಲ್ಲ. ನನ್ನ ಮಾತು ಇಷ್ಟೇ, ಓದು ಇದ್ದರೆ ದುಡ್ಡು ಬರುತ್ತದೆ, ದುಡ್ಡು ಬಂದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಗುಬ್ಬಿಗೂಡು

ನನ್ನ ಕ್ಲಾಸಿನಲ್ಲಿ ನನಗಿಂತ ಜಾಣೆ ಒಬ್ಬಳಿದ್ದಳು. ಅವಳಮ್ಮ ಹಾಸಿಗೆ ಹಿಡಿದರು. ತಂಗಿಯರನ್ನು ನೋಡಿಕೊಳ್ಳೋಕೆ ಇವಳು ಶಾಲೆ ಬಿಟ್ಟಳು. ನಮ್ಮಮ್ಮನಿಗೆ ಏನೂ ಆಗಲಿಲ್ಲ, ನಾನು ಓದಿದೆ. ನಮ್ಮಿಬ್ಬರ ನಡುವೆ ಇರುವ ವ್ಯತ್ಯಾಸ ಅಷ್ಟೇ.

ಅಂಕಿಪುಟ

ಇದಕ್ಕೂ ಒಂದು ಲೆಕ್ಕ ಇದೆ. ಕೆಳಗಿನ ಆದಾಯದ ಕುಟುಂಬದಲ್ಲಿ ಹುಟ್ಟಿದವರ ಮಕ್ಕಳು ಮೊಮ್ಮಕ್ಕಳು ದೇಶದ ಸರಾಸರಿ ಆದಾಯ ಮುಟ್ಟೋಕೆ ಎಷ್ಟು ತಲೆಮಾರು ಬೇಕು ಅಂತ ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಇಸಿಡಿ ಸಂಸ್ಥೆ 2018ರಲ್ಲಿ ಅಂದಾಜು ಮಾಡಿತು. ಅದರ ಸದಸ್ಯ ದೇಶಗಳಲ್ಲಿ ಸರಾಸರಿ ನಾಲ್ಕೈದು ತಲೆಮಾರು. ಡೆನ್ಮಾರ್ಕ್‌ನಲ್ಲಿ ಎರಡು. ಕೊಲಂಬಿಯಾದಲ್ಲಿ ಹನ್ನೊಂದು. ಡೆನ್ಮಾರ್ಕ್‌ನ ಮಕ್ಕಳು ಕೊಲಂಬಿಯಾದ ಮಕ್ಕಳಿಗಿಂತ ಐದು ಪಟ್ಟು ಕಷ್ಟಪಟ್ಟು ಓದುತ್ತಾರೆ ಅಂತ ಯಾರೂ ಹೇಳಲ್ಲ ಅಲ್ವಾ?

ಕಾಲುದಾರಿ

ಟೈಟಾನಿಕ್ ಹಡಗಿನ ಲೆಕ್ಕ ಯಾರೂ ಹೇಳಲಿಲ್ಲವಲ್ಲ. 1912ರಲ್ಲಿ ಅದು ಮುಳುಗಿದಾಗ ಮೊದಲ ದರ್ಜೆಯ ಪ್ರಯಾಣಿಕರಲ್ಲಿ ನೂರಕ್ಕೆ ಅರವತ್ತಕ್ಕಿಂತ ಜಾಸ್ತಿ ಜನ ಬದುಕಿದರು. ಮೂರನೇ ದರ್ಜೆಯಲ್ಲಿ ನೂರಕ್ಕೆ ಸುಮಾರು 25. ಅದೇ ಹಡಗು, ಅದೇ ತಣ್ಣೀರು.

ಬೆಳ್ಳಿಚುಕ್ಕಿ

ಹೆಂಗಸರು ಮಕ್ಕಳು ಮೊದಲು ಅಂತ ದೋಣಿ ಹತ್ತಿಸಿದರು ಅಂತ ಓದಿದ್ದೆ?

ಕಾಲುದಾರಿ

ಹೌದು. ಆದರೂ ಮೊದಲ ದರ್ಜೆಯ ಹೆಂಗಸರು ಹೆಚ್ಚುಕಡಿಮೆ ಎಲ್ಲರೂ ಬದುಕಿದರು, ಮೂರನೇ ದರ್ಜೆಯ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಸತ್ತರು. ದೋಣಿಗಳು ಇದ್ದದ್ದು ಮೇಲಿನ ಡೆಕ್ಕಿನಲ್ಲಿ. ಕೆಳಗಿದ್ದವರಿಗೆ ಸುದ್ದಿ ತಡವಾಗಿ ಬಂತು, ದಾರಿ ಗೊತ್ತಿರಲಿಲ್ಲ.

ಖಡಕ್ ಮಾತು

ವಿಷಯ ಬಿಟ್ಟು ಎಲ್ಲೆಲ್ಲೋ ಹೋಗುತ್ತಿದ್ದೀರಿ.

ಸಂಜೆಮಲ್ಲಿಗೆ

ಬಿಟ್ಟಿಲ್ಲ ಸರ್. ಸುದ್ದಿ ತಡವಾಗಿ ಬರುವುದು, ದಾರಿ ಗೊತ್ತಿಲ್ಲದಿರುವುದು. ನಮ್ಮ ಬದುಕೂ ಅದೇ.

ದಡ

ದುಡ್ಡು ಒಂದು ಮಟ್ಟ ದಾಟಿದ ಮೇಲೆ ಸಂತೋಷ ಜಾಸ್ತಿಯಾಗಲ್ಲ ಅಂತಲೂ ಇದೆಯಲ್ಲ? ವರ್ಷಕ್ಕೆ 75,000 ಡಾಲರ್ ಅಂತ ಓದಿದ ನೆನಪು.

ಅಂಕಿಪುಟ

ಅದು 2010ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ ಎಂಬ ಸಂಶೋಧಕರು ಹೇಳಿದ್ದು, ಅಮೆರಿಕದವರ ಬಗ್ಗೆ. ಆಮೇಲೆ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಎಂಬವರು ಬೇರೆ ಫಲಿತಾಂಶ ತೋರಿಸಿದರು. 2023ರಲ್ಲಿ ಕಾನೆಮನ್ ಅವರೇ ಜೊತೆ ಸೇರಿ ಮತ್ತೆ ನೋಡಿದರು. ಹೆಚ್ಚಿನ ಜನರಲ್ಲಿ ಆ ಮಟ್ಟ ದಾಟಿದ ಮೇಲೂ ಸಂತೋಷ ಏರುತ್ತಲೇ ಇತ್ತು. ನಿಂತಿದ್ದು ಎಲ್ಲರಿಗಿಂತ ಕಡಿಮೆ ಸಂತೋಷ ಇರುವ ಒಂದು ಗುಂಪಿನಲ್ಲಿ ಮಾತ್ರ.

ಕಪ್ಪುಹಲಗೆ

ನೆಲಮುಗಿಲು ಅವರೇ, "ಅಸಡ್ಡೆ" ಅಂತಾರೆ ಅಂದಿರಲ್ಲ, ಅದಕ್ಕೆ ಒಂದು ಮಾತು. 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಎರಡು ಸಲ ಬುದ್ಧಿ ಪರೀಕ್ಷೆ ಕೊಟ್ಟರು. ಕಟಾವಿಗೆ ಮುಂಚೆ, ಕೈ ಖಾಲಿ ಇದ್ದಾಗ. ಕಟಾವಾದ ಮೇಲೆ, ದುಡ್ಡು ಬಂದಾಗ. ಅದೇ ರೈತರು ಮುಂಚಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ದುಡ್ಡಿನ ಚಿಂತೆ ತಲೆಯಲ್ಲಿ ಅಷ್ಟು ಜಾಗ ತಿನ್ನುತ್ತದೆ. ನಿಮ್ಮ ಅಣ್ಣ ಆ ಏಳು ವಾರ ಕಾಲಿನ ಬಗ್ಗೆ ಯೋಚಿಸಲಿಲ್ಲ ಅನ್ನುವವರು, ಆ ಏಳು ವಾರ ಅವರು ಏನೇನು ಯೋಚಿಸುತ್ತಿದ್ದರು ಅಂತ ಒಂದು ಸಲ ಕೇಳಲಿ.

ಖಡಕ್ ಮಾತು

ಇದರಲ್ಲೂ ದುಡ್ಡೇ ಗೆದ್ದಿತು ನೋಡಿ. ಆದರೂ ಒಪ್ಪುತ್ತೇನೆ, ನಾನು ಮೊದಲು ಬರೆದಿದ್ದು ತುಂಬಾ ಚಿಕ್ಕದಾಯಿತು. ಇಷ್ಟು ದಾರಿಯಲ್ಲಿ ಬಂದು ಮುಟ್ಟುತ್ತೆ ಅಂತ ಗೊತ್ತಿರಲಿಲ್ಲ.

ಕಾಲುದಾರಿ

ನಾನು ಫಿಸಿಯೋಥೆರಪಿ ಮಾಡುವವನೇ. ಎಲ್ಲರೂ ಕಾರಣ ಹುಡುಕುತ್ತಿದ್ದೇವೆ, ನಿಮ್ಮ ಅಣ್ಣನ ಕಾಲಿಗೆ ಈಗ ಏನು ಮಾಡಬಹುದು ಅಂತ ನೋಡೋಣ. ಮೊದಲು ಡಾಕ್ಟರ ಹತ್ತಿರ ಒಂದು ಎಕ್ಸ್‌ರೇ ಮಾಡಿಸಿ, ಮೂಳೆ ಪೂರ್ತಿ ಕೂಡಿದೆಯಾ ಅಂತ ಕೇಳಿ. ಇಷ್ಟು ದಿನವಾದರೂ ರಾತ್ರಿ ನೋವಿದೆ ಅಂದರೆ ಅದನ್ನು ತೋರಿಸಲೇಬೇಕು. ಕೂಡಿದೆ ಅಂದರೆ, ಒಂದೇ ಒಂದು ದಿನ ಫಿಸಿಯೋ ಹತ್ತಿರ ಹೋಗಿ "ನಮಗೆ ವಾರ ವಾರ ಬರೋಕೆ ಆಗಲ್ಲ, ಮನೆಯಲ್ಲಿ ಮಾಡುವ ವ್ಯಾಯಾಮ ಹೇಳಿಕೊಡಿ" ಅಂತ ಬಾಯಿಬಿಟ್ಟು ಕೇಳಿ. ಕೇಳಿದರೆ ಹೇಳಿಕೊಡುತ್ತಾರೆ. ಕೇಳಬಹುದು ಅಂತಲೇ ತುಂಬಾ ಜನರಿಗೆ ಗೊತ್ತಿರಲ್ಲ. ಅದು ಅವರ ತಪ್ಪಲ್ಲ, ನಾವೇ ಮೊದಲು ಹೇಳಬೇಕು.

ನೆಲಮುಗಿಲು

ಎಲ್ಲರಿಗೂ ಉತ್ತರಿಸೋಕೆ ಮೂರು ವಾರ ತಡವಾಯಿತು, ಕ್ಷಮಿಸಿ.

ಕಾಲುದಾರಿ ಸರ್, ನೀವು ಹೇಳಿದ ಹಾಗೇ ಎಕ್ಸ್‌ರೇ ಮಾಡಿಸಿದೆವು. ಮೂಳೆ ಕೂಡಿದೆ. ಸ್ನಾಯು ಬಲ ಕಳೆದುಕೊಂಡಿದೆ, ಕೀಲು ಬಿಗಿಯಾಗಿದೆ ಅಂದರು. ಐದು ವ್ಯಾಯಾಮ ಹೇಳಿಕೊಟ್ಟರು. ಭಾನುವಾರ ಹೋದಾಗ ಅಣ್ಣ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಿದ್ದ. ಅತ್ತಿಗೆ ಎಣಿಸುತ್ತಿದ್ದರು. ಹದಿನೈದು ಹೇಳಿದ್ದಾರಂತೆ, ಹನ್ನೆರಡಕ್ಕೆ ಬೆವೆತು ನಿಲ್ಲಿಸಿದ.

ಸಂಜೆಮಲ್ಲಿಗೆ ಮೇಡಂ ಬರೆದಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ. ಮಾರನೇ ದಿನ ಅಣ್ಣನ ಮನೆಗೆ ಹೋಗಿ ಬಂದರಂತೆ.

ಹಳೇ ಸೈಕಲ್

ಅಣ್ಣನಿಗೆ ನನ್ನ ನಮಸ್ಕಾರ ಹೇಳಿ. ಮೂಟೆ ಹೊರುವುದರ ಬದಲು ಲೆಕ್ಕ ಬರೆಯುವುದೋ, ಕೂತು ಮಾಡುವ ಬೇರೆ ಕೆಲಸವೋ ಅಲ್ಲೇ ಕೇಳಿ ನೋಡಿದಿರಾ?

ನೆಲಮುಗಿಲು

ಕೇಳಿದ್ದೇವೆ ಸರ್. ಈ ಸಲ ನಾನೂ ಜೊತೆಗೆ ಹೋಗಿದ್ದೆ. ಸೋಮವಾರ ಹೇಳ್ತೀವಿ ಅಂದಿದ್ದಾರೆ.